ಶಾಲೆಯ ಬಾಗಿಲಲ್ಲಿ ನಮ್ಮ ಅಡಿಕೆ



ಅಡಿಕೆಯ ಧಾರಣೆ ಕ್ವಿಂಟಲಿಗೆ ಐನೂರು ರೂಪಾಯಿ ಏರಿದರೆ ಆ ಸುದ್ದಿ ಮಂಡಿಯಿಂದ ನಮ್ಮ ಮನೆಯ ಜಗಲಿಗೆ ಬರಲು ಅರ್ಧ ದಿನವೂ ಬೇಡ. ಇಳಿದರೆ ಇನ್ನೂ ಬೇಗ ಬರುತ್ತದೆ. ಕೊಳೆರೋಗ, ಎಲೆಚುಕ್ಕಿ ರೋಗ, ಕೂಲಿಯ ದರ, ಹೊರದೇಶದ ಅಡಿಕೆಯ ಆಮದು, ಇವೆಲ್ಲವೂ ನಮ್ಮ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆಯಾಗುವ ವಿಷಯಗಳು. ಆದರೆ ನಾವು ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ ಮಂಡಿಗೆ ಕಳಿಸಿದ ಅಡಿಕೆ ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ, ಕಟ್ಟಕಡೆಗೆ ಯಾರ ಬಾಯಿಗೆ ಬೀಳುತ್ತದೆ ಎಂಬ ವಿಷಯ ಮಾತ್ರ ಚರ್ಚೆಗೆ ಬರುವುದು ಅಪರೂಪ. ಈ ಸಂಚಿಕೆಯಲ್ಲಿ ಅದನ್ನೇ ಎತ್ತಿಕೊಂಡಿದ್ದೇವೆ.

ಬಹುಪಾಲು ಅಡಿಕೆ ದೊಡ್ಡವರ ಬಾಯಿಗೇ ಹೋಗುತ್ತದೆ. ಬುದ್ಧಿ ಬೆಳೆದವರ ಲಾಭನಷ್ಟ ಅವರಿಗೆ ಸೇರಿದ್ದು. ಆದರೆ ಒಂದು ಪಾಲು ಪುಡಿಯಾಗಿ, ಸುಣ್ಣ, ಕಾಚು, ಸುಗಂಧ, ಹೊಗೆಸೊಪ್ಪಿನೊಡನೆ ಬೆರೆತು, ಬಣ್ಣದ ಚೀಟಿಯೊಳಗೆ ಕುಳಿತು ಶಾಲೆಗೆ ಹೋಗುವ ಹುಡುಗರ ಕೈ ಸೇರುತ್ತಿದೆ. ಅದು ಅವರ ಓದನ್ನು ಹೇಗೆ ಕೆಡಿಸುತ್ತದೆ ಮತ್ತು ಬೆಳೆಗಾರರಾದ ನಮಗೂ ಅದಕ್ಕೂ ಏನು ಸಂಬಂಧ ಎಂಬುದು ಇಲ್ಲಿಯ ವಿಚಾರ.

ಕಡ್ಡಿರಾಂಪುರವನ್ನೇ ಏಕೆ ಆರಿಸಿದೆವು?

ಮಾತು ಗಾಳಿಯಲ್ಲಿ ತೇಲಿಹೋಗದಂತೆ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ, ವಿರೂಪಾಕ್ಷನ ಗುಡಿಗೆ ಇನ್ನು ಕೆಲವೇ ಕಿಲೋಮೀಟರ್ ಇರುವಾಗ ಕಡ್ಡಿರಾಂಪುರ ಸಿಗುತ್ತದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಊರು. ಸುತ್ತ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆದ ಬಾಳೆ, ಕಬ್ಬು, ಭತ್ತ. ಅಡಿಕೆ ಅಲ್ಲಿಯ ಮುಖ್ಯ ಬೆಳೆಯಲ್ಲ. ನಮ್ಮ ಮಕ್ಕಳು ಅಡಿಕೆಯನ್ನು ಮರದಲ್ಲಿ, ಅಂಗಳದಲ್ಲಿ, ದೇವರ ಮುಂದಿನ ತಟ್ಟೆಯಲ್ಲಿ ನೋಡಿ ಬೆಳೆಯುತ್ತಾರೆ. ಅಂಥ ಊರಿನ ಮಗುವಿಗೆ ಅದರ ಪರಿಚಯವಾಗುವುದು ಹೆಚ್ಚಾಗಿ ಅಂಗಡಿಯ ಮುಂದೆ ಮಾಲೆಯಂತೆ ತೂಗುವ ಚೀಟಿಯ ರೂಪದಲ್ಲಿ.

ಇನ್ನೂ ಒಂದು ಕಾರಣವಿದೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗ ಅವರಿಗೆ ನಿವೇಶನ ಗೊತ್ತುಮಾಡಿದ್ದು ಕಡ್ಡಿರಾಂಪುರದ ಬಳಿ. ಒಮ್ಮೆ ನೆಲೆ ಕಿತ್ತು ಇನ್ನೊಂದು ಕಡೆ ಊರುವ ಸಂಸಾರದಲ್ಲಿ ದೊಡ್ಡವರ ಗಮನವೆಲ್ಲ ಹೊಟ್ಟೆಪಾಡಿನ ಮೇಲಿರುತ್ತದೆ, ಮಕ್ಕಳ ಓದಿನ ಮೇಲಿನ ಕಣ್ಣು ತಪ್ಪುತ್ತದೆ. ಹಂಪಿಯ ಸುತ್ತಿನ ಊರುಗಳಲ್ಲಿ ಓದುವ ಹುಡುಗರೂ ಪ್ರವಾಸಿಗರ ಕಾಲದಲ್ಲಿ ನಾಲ್ಕು ಕಾಸು ಸಂಪಾದಿಸುವುದುಂಟು. ಹುಡುಗನ ಜೇಬಿನಲ್ಲಿ ಕಾಸು, ದಾರಿಯಲ್ಲಿ ಗೂಡಂಗಡಿ, ಸುತ್ತಲೂ ಕೆನ್ನೆ ತುಂಬಿಕೊಂಡ ದೊಡ್ಡವರು, ಈ ಮೂರು ಕೂಡಿದ ಕಡೆ ಚಟ ಹತ್ತಲು ನಾಲ್ಕನೆಯದು ಬೇಕಿಲ್ಲ.

ಆ ಊರಿನ ಮೇಲೆ ದೋಷ ಹೊರಿಸುವ ಉದ್ದೇಶ ನಮ್ಮದಲ್ಲ. ಈ ಮೂರೂ ಕೂಡಿದ ಊರು ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ, ಸಕಲೇಶಪುರದ ಕಡೆಯೂ ಬೇಕಾದಷ್ಟಿವೆ. ದೂರದ ಊರಿನ ಕನ್ನಡಿಯಲ್ಲಿ ನಮ್ಮ ಮುಖ ಚೆನ್ನಾಗಿ ಕಾಣುತ್ತದೆಂದು ಅದನ್ನು ಆರಿಸಿದ್ದೇವೆ, ಅಷ್ಟೆ.

ಪೇಟೆಬೀದಿಯ ಅಡಿಕೆ, ಚೀಟಿಯ ಅಡಿಕೆ

ಅದೇ ಹಂಪಿಯಲ್ಲಿ, ಹಜಾರರಾಮ ಗುಡಿಯ ಎದುರಿಗೆ ಪಾನ್ ಸುಪಾರಿ ಬಜಾರ್ ಎಂಬ ಬೀದಿಯ ಅವಶೇಷ ಇಂದಿಗೂ ಇದೆ. ಇಮ್ಮಡಿ ದೇವರಾಯ ಅಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ವಿಚಾರವನ್ನು ಹೇಳುವ 1426ರ ಶಾಸನವು ಆ ಬೀದಿಯನ್ನು ಎಲೆ ಅಡಿಕೆಯ ಅಂಗಡಿಬೀದಿ ಎಂದೇ ಕರೆಯುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅರಮನೆಯಲ್ಲಿ ತನಗೆ ದೊರೆತ ವೀಳ್ಯದ ಮರ್ಯಾದೆಯನ್ನು ಬರೆದಿಟ್ಟಿದ್ದಾನೆ. ಅಡಿಕೆಗೆ ಅಂಥ ಗೌರವ ಇದ್ದ ನೆಲ ಅದು. ಆ ಗೌರವದಲ್ಲಿ ನಮಗೂ ಪಾಲಿದೆ, ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ.

ಆದರೆ ಆ ಗೌರವದ ಜೊತೆಗೆ ಒಂದು ಕಟ್ಟುಪಾಡೂ ಇತ್ತು. ತಾಂಬೂಲ ಗೃಹಸ್ಥನಿಗೆ ಸಲ್ಲುವ ವಸ್ತು, ಓದುತ್ತಿರುವ ಬ್ರಹ್ಮಚಾರಿಗೆ ನಿಷಿದ್ಧ ಎಂಬುದು ಹಿಂದಿನವರ ನಿಯಮ. ಓದುವ ಮಕ್ಕಳು ಎಲೆ ಹಾಕಿದರೆ ನಾಲಿಗೆ ದಪ್ಪವಾಗುತ್ತದೆ ಎಂದು ನಮ್ಮ ಅಜ್ಜಿಯರು ಗದರಿಸುತ್ತಿದ್ದರು. ಮಗು ಹಟ ಹಿಡಿದರೆ ಹಬ್ಬದ ದಿನ ಒಂದು ಚೂರು ಸಿಕ್ಕೀತು, ಅದೂ ದೊಡ್ಡವರ ಕಣ್ಣೆದುರಿಗೆ. ಎಲೆ ಅಡಿಕೆ ಹಾಕಲು ತಟ್ಟೆ ಬೇಕು, ಅಡಕತ್ತರಿ ಬೇಕು, ಸುಣ್ಣದ ಡಬ್ಬಿ ಬೇಕು. ಅದನ್ನು ಕದ್ದು ಹಾಕುವುದು ಹುಡುಗರಿಗೆ ಸುಲಭವಲ್ಲ, ಹಾಕಿದರೂ ತುಟಿಯ ಕೆಂಪು ಮನೆಮಂದಿಗೆಲ್ಲ ಹೇಳಿಬಿಡುತ್ತಿತ್ತು.

1980ರ ದಶಕದಲ್ಲಿ ಒಂದು ಸಲ ಬಾಯಿಗೆ ಹಾಕುವಷ್ಟೇ ಅಳತೆಯ ಪುಟ್ಟ ಚೀಟಿ ಬಂದು ಈ ಬೇಲಿಯನ್ನು ಕಿತ್ತೊಗೆಯಿತು. ತಟ್ಟೆ ಬೇಡ, ಅಡಕತ್ತರಿ ಬೇಡ, ತುಟಿ ಕೆಂಪಾಗುವ ಭಯ ಕಡಿಮೆ. ನಾಲ್ಕು ಕಾಸಿಗೆ ಸಿಗುತ್ತದೆ, ಜೇಬಿನಲ್ಲಿ ಅಡಗುತ್ತದೆ, ಹಲ್ಲಿನಲ್ಲಿ ಹರಿದರೆ ಮುಗಿಯಿತು. ನಮ್ಮ ಅಂಗಳದಿಂದ ಹೊರಟ ಅಡಿಕೆ ಉತ್ತರದ ಕಾರ್ಖಾನೆಗಳನ್ನು ಸುತ್ತಿ, ಗುರುತು ಸಿಗದ ರೂಪದಲ್ಲಿ ಹೀಗೆ ಹಿಂದಿರುಗಿತು. ಮಂಗಳಕಾರ್ಯದ ವಸ್ತು ಹುಡುಗರ ಕಳ್ಳ ಚಟವಾದದ್ದು ಈ ಚೀಟಿಯಿಂದ.

ತರಗತಿಯಲ್ಲಿ ಆಗುವುದೇನು?

ಗುಟ್ಕಾ ಎಂದೊಡನೆ ನಮಗೆ ಬಾಯಿಯ ಕ್ಯಾನ್ಸರ್ ನೆನಪಾಗುತ್ತದೆ. ಅದು ಬಹುಕಾಲದ ಮೇಲೆ ಬರುವ ಪೆಟ್ಟು. ಹದಿಮೂರರ ಹುಡುಗನಿಗೆ ನಲವತ್ತರ ಕ್ಯಾನ್ಸರಿನ ಭಯ ಹೇಳಿದರೆ ಅದು ಅವನ ಕಿವಿಗೆ ಹೋಗುವುದಿಲ್ಲ. ಆದರೆ ಮೊದಲ ಪೆಟ್ಟು ಬೀಳುವುದು ಓದಿಗೆ, ಅದೂ ಅದೇ ವರ್ಷ.

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ರಕ್ತಕ್ಕೆ ಸೇರಿದ ಮೇಲೆ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಚಟ ಹತ್ತಿದ ಹುಡುಗ ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂದು ಚೀಟಿ ಹಾಕಿಕೊಂಡಿದ್ದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅವನ ಮೈಮನಸ್ಸು ಇನ್ನೊಂದನ್ನು ಕೇಳತೊಡಗುತ್ತದೆ. ಸಿಡುಕು, ಚಡಪಡಿಕೆ, ಮಂಕು ಒಂದರ ಹಿಂದೆ ಒಂದು ಬರುತ್ತವೆ. ಮೇಷ್ಟ್ರು ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿರುವಾಗ ಅವನು ಗಡಿಯಾರ ನೋಡುತ್ತಿರುತ್ತಾನೆ. ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಹತ್ತುವುದಿಲ್ಲ. ದಡ್ಡ ಎಂಬ ಹೆಸರು ಅಲ್ಲಿಂದ ಶುರುವಾಗುತ್ತದೆ. ಗಮನ, ನೆನಪು, ಮುಂದಾಲೋಚನೆಗೆ ಬೇಕಾದ ಮಿದುಳಿನ ಭಾಗ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಎಳೆಯ ಮಿದುಳಿಗೆ ನಿಕೋಟಿನ್ ಬೇಗ ಅಂಟುತ್ತದೆ, ಬಿಡಿಸುವುದು ಕಷ್ಟವಾಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶಕ್ಕೂ ಮೈಯನ್ನು ಉದ್ರೇಕಿಸುವ, ಅಭ್ಯಾಸ ಹತ್ತಿಸುವ ಗುಣವಿದೆ. ಎರಡೂ ಕೂಡಿದರೆ ಹಿಡಿತ ಬಿಗಿಯಾಗುತ್ತದೆ.

ಎರಡನೆಯದು ಬಾಯಿ. ಕೆನ್ನೆಯಲ್ಲಿ ಗುಟ್ಕಾ ಇಟ್ಟುಕೊಂಡ ಹುಡುಗ ಪಾಠವನ್ನು ಗಟ್ಟಿಯಾಗಿ ಓದಲಾರ, ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾರ, ತಿಳಿಯದ್ದನ್ನು ಎದ್ದು ನಿಂತು ಕೇಳಲಾರ. ಹಿಂದಿನ ಬೆಂಚು ಹುಡುಕುತ್ತಾನೆ, ಉಗುಳಲು ಪದೇ ಪದೇ ಹೊರಗೆ ಹೋಗಲು ಅಪ್ಪಣೆ ಕೇಳುತ್ತಾನೆ. ಕಲಿಕೆ ಎಂಬುದು ಮುಕ್ಕಾಲು ಪಾಲು ಬಾಯಿಬಿಟ್ಟು ಮಾತನಾಡುವುದರಲ್ಲಿದೆ. ಬಾಯಿ ಮುಚ್ಚಿದವನ ಓದೂ ಮುಚ್ಚುತ್ತದೆ. ಅಜ್ಜಿ ಹೇಳಿದ ನಾಲಿಗೆ ದಪ್ಪವಾಗುವ ಮಾತು ಅಕ್ಷರಶಃ ನಿಜವಲ್ಲದಿದ್ದರೂ ಅದರ ಹುರುಳು ಇದೇ.

ಮೂರನೆಯದು ಊಟ. ಬಳ್ಳಾರಿಯೂ ಸೇರಿದಂತೆ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲಾದದ್ದು ಹಸಿದ ಮಗು ಕಲಿಯಲಾರದು ಎಂಬ ಕಾರಣದಿಂದ. ಅಡಿಕೆ ಪುಡಿಯನ್ನು ಸದಾ ಕೆನ್ನೆಯಲ್ಲಿಡುವವರಿಗೆ ಬಾಯಿಯ ಒಳಪದರ ಬಿಳಿಚಿ ಗಡುಸಾಗುವ ರೋಗ ಬರುತ್ತದೆ. ಮೊದಲ ಸೂಚನೆ ಎಂದರೆ ಖಾರದ ಸಾರು ಬಾಯಿಗಿಟ್ಟರೆ ಉರಿ. ಮುಂದೆ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ತನ್ನದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಸಾಲುಗಳ ನಡುವೆ ತೂರಿಸಲು ಆಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಗಡುಸಾದ ಬಾಯಿ ಮತ್ತೆ ಮೊದಲಿನಂತಾಗುವುದಿಲ್ಲ, ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ಉರಿಯುವ ಬಾಯಿಯ ಮಗು ಬಿಸಿಯೂಟದ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತದೆ, ಮಧ್ಯಾಹ್ನ ಪುನಃ ಹಸಿದ ಹೊಟ್ಟೆಯಲ್ಲಿ ಪಾಠಕ್ಕೆ ಕೂರುತ್ತದೆ.

ನಾಲ್ಕನೆಯದು ಕಾಸು. ದಿನಕ್ಕೆ ಎರಡು ಮೂರು ಚೀಟಿಗೆ ಹಣ ಬೇಕು. ಮೊದಲು ಮನೆಯ ಚಿಲ್ಲರೆ ಮಾಯವಾಗುತ್ತದೆ, ಆಮೇಲೆ ದುಡಿಮೆಯ ದಾರಿ ಕಾಣುತ್ತದೆ. ಶನಿವಾರ ಮಧ್ಯಾಹ್ನದ ಕೂಲಿ ಸೋಮವಾರಕ್ಕೆ ಬೆಳೆಯುತ್ತದೆ, ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಹೆಚ್ಚುತ್ತವೆ. ಒಂಬತ್ತನೆಯ ತರಗತಿಯಲ್ಲಿ ಆಗಾಗ ಗೈರುಹಾಜರಾದವನು ಹತ್ತನೆಯದಕ್ಕೆ ಬಾರದೆ ಇರುವುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಚಟದಿಂದ ಓದು ಕೆಡುವಂತೆ, ಓದು ಹಿಂದೆ ಬಿದ್ದದ್ದರಿಂದ ಚಟ ಹತ್ತುವುದೂ ಉಂಟು. ತರಗತಿಯಲ್ಲಿ ದಿನವೂ ತಲೆತಗ್ಗಿಸಿ ಕೂರುವ ಹುಡುಗನಿಗೆ ಗೂಡಂಗಡಿಯ ಗೆಳೆಯರ ನಡುವೆ ತಲೆಯೆತ್ತಿ ನಿಲ್ಲುವ ಅವಕಾಶ ಸಿಗುತ್ತದೆ. ಎರಡೂ ಒಂದನ್ನೊಂದು ತಳ್ಳುತ್ತ ಹೋಗುತ್ತವೆ. ಆದ್ದರಿಂದ ಚೀಟಿ ಕಿತ್ತುಕೊಂಡು ಎರಡೇಟು ಹಾಕಿದರೆ ಕೆಲಸ ಮುಗಿಯುವುದಿಲ್ಲ. ಅವನಿಗೆ ಬಿಟ್ಟುಹೋದ ಪಾಠವನ್ನು ಮತ್ತೆ ಹೇಳಿಕೊಡುವವರೂ ಬೇಕು.

ಗಾಂಜಾ, ಬಿಯರು, ಬಡ ಮಕ್ಕಳು ಬಟ್ಟೆಗೆ ಹಾಕಿ ಮೂಸುವ ಪಂಕ್ಚರ್ ಸಲ್ಯೂಷನ್ ಇವೆಲ್ಲ ಇಲ್ಲವೇ ಎಂದು ಕೇಳಬಹುದು. ಇವೆ. ಪ್ರವಾಸಿ ಸ್ಥಳಗಳ ಸುತ್ತ ಅವುಗಳ ಭಯ ಹೆಚ್ಚು. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ವರದಿಯ ಪ್ರಕಾರ ಮೂಸುವ ಪದಾರ್ಥಗಳೊಂದರಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳ ಪ್ರಮಾಣ ಹೆಚ್ಚು, ದೊಡ್ಡವರು ನೂರಕ್ಕೆ 0.58, ಮಕ್ಕಳು ನೂರಕ್ಕೆ 1.17. ಅದು ಪೊಲೀಸರೂ ವೈದ್ಯರೂ ನೋಡಬೇಕಾದ ದೊಡ್ಡ ವಿಷಯ. ನಾವು ಗುಟ್ಕಾದ ಮೇಲೆ ನಿಂತಿರುವುದು ಅದರೊಳಗೆ ನಮ್ಮ ಬೆಳೆ ಇರುವುದರಿಂದ.

ಅಂಕಿಗಳನ್ನು ಓದುವ ಬಗೆ

2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯು ನಮ್ಮ ದೇಶದಲ್ಲಿ 13ರಿಂದ 15 ವಯಸ್ಸಿನ ಶಾಲಾ ಮಕ್ಕಳಲ್ಲಿ ನೂರಕ್ಕೆ 8.5ರಷ್ಟು ಮಂದಿ ಯಾವುದಾದರೊಂದು ಬಗೆಯ ತಂಬಾಕು ಬಳಸುತ್ತಾರೆಂದು ಹೇಳಿತು. ಕರ್ನಾಟಕದಲ್ಲಿ ಅದು 1.2 ಮಾತ್ರ, ಇಡೀ ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಸಂತೋಷದ ವಿಚಾರವೇ. ಆದರೆ ಅಂಕಿಯನ್ನು ಸ್ವಲ್ಪ ಉಜ್ಜಿ ನೋಡಬೇಕು. ಈ ಸಮೀಕ್ಷೆಗೆ ಉತ್ತರ ಬರೆದವರು ಆ ದಿನ ತರಗತಿಯಲ್ಲಿ ಕುಳಿತಿದ್ದ ಮಕ್ಕಳು. ಶಾಲೆ ಬಿಟ್ಟು ಗ್ಯಾರೇಜು, ಹೋಟೆಲು, ಕಬ್ಬಿನ ಗದ್ದೆ ಸೇರಿದ ಹುಡುಗ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಉದುರಿದ ಕಾಯನ್ನು ಬಿಟ್ಟು ಕೊನೆಯಲ್ಲಿ ಉಳಿದದ್ದನ್ನಷ್ಟೇ ಎಣಿಸಿ ಕೊಳೆ ಇಲ್ಲವೆಂದು ಯಾವ ಬೆಳೆಗಾರನೂ ಹೇಳುವುದಿಲ್ಲ.

ಎರಡನೆಯದಾಗಿ, ಅದೇ ಸಮೀಕ್ಷೆ ಇನ್ನೊಂದು ವಿಷಯ ಹೇಳಿದೆ. ಅಗಿಯುವ ತಂಬಾಕು ಬಳಸುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ನೂರಕ್ಕೆ 52ರಷ್ಟು, ಹತ್ತು ವರ್ಷ ತುಂಬುವ ಮೊದಲೇ ಅದನ್ನು ಶುರುಮಾಡಿದವರು. ಹತ್ತು ವರ್ಷ ಎಂದರೆ ನಾಲ್ಕನೆಯ, ಐದನೆಯ ತರಗತಿ. ಪ್ರೌಢಶಾಲೆಯಲ್ಲಿ ಭಾಷಣ ಏರ್ಪಡಿಸುವ ಹೊತ್ತಿಗೆ ಕಾಲ ಮೀರಿರುತ್ತದೆ.

ಮೂರನೆಯದೇ ನಮಗೆ ಮುಖ್ಯ. ಆ ಸಮೀಕ್ಷೆ ಎಣಿಸಿದ್ದು ತಂಬಾಕನ್ನು. ತಂಬಾಕಿಲ್ಲದ ಸಿಹಿ ಸುಪಾರಿ, ಸಾದಾ ಪಾನ್ ಮಸಾಲ ಆ ಲೆಕ್ಕಕ್ಕೆ ಬರುವುದಿಲ್ಲ. ಪೆಪ್ಪರಮೆಂಟಿನ ಡಬ್ಬಿಯ ಪಕ್ಕದಲ್ಲೇ ಅದರ ಚೀಟಿಯೂ ತೂಗುತ್ತದೆ. ಮಗುವಿಗೆ ಅದು ಮಿಠಾಯಿಯ ಇನ್ನೊಂದು ರೂಪ. ಬಾಯಿಗೆ ಅಡಿಕೆಯ ರುಚಿ ಹತ್ತಿಸುವುದು ಅದು, ಅದರಿಂದ ಗುಟ್ಕಾಕ್ಕೆ ಹೆಚ್ಚು ದೂರವಿಲ್ಲ.

ನಮ್ಮವರು ಹೇಳುವ ಮೂರು ಮಾತು

ಈ ವಿಷಯ ಎತ್ತಿದಾಗ ನಮ್ಮವರಿಂದ ಸಾಮಾನ್ಯವಾಗಿ ಮೂರು ಮಾತು ಬರುತ್ತವೆ. ಮೂರಕ್ಕೂ ಉತ್ತರ ಹೇಳಬೇಕು.

ಮೊದಲನೆಯದು: ಕೆಡಕು ಇರುವುದು ತಂಬಾಕಿನಲ್ಲಿ, ಅಡಿಕೆಯಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರ ಸಂಸ್ಥೆಗಳು ಇದನ್ನು ಒಪ್ಪದೆ ಮರುಪರಿಶೀಲನೆಗೆ ಒತ್ತಾಯಿಸುತ್ತ ಬಂದಿವೆ. ಆ ವಾದ ತಜ್ಞರ ಮುಂದೆ ನಡೆಯಲಿ. ಆದರೆ ಈ ವಾದ ಯಾರ ಪರವಾಗಿ ಮುಗಿದರೂ, ಹನ್ನೆರಡು ವರ್ಷದ ಮಗು ದಿನವಿಡೀ ಕೆನ್ನೆಯಲ್ಲಿ ಅಡಿಕೆ ಪುಡಿ ಇಟ್ಟುಕೊಳ್ಳಲಿ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ತನ್ನ ಮೊಮ್ಮಗನಿಗೆ ಕೊಡಲಾರದ್ದನ್ನು ಇನ್ನೊಬ್ಬರ ಮೊಮ್ಮಗನಿಗೆ ಸಮರ್ಥಿಸುವುದು ಧರ್ಮವಲ್ಲ.

ಎರಡನೆಯದು: ಗುಟ್ಕಾ ನಿಂತರೆ ಅಡಿಕೆಯ ಧಾರಣೆ ಬೀಳುತ್ತದೆ. ರಾಜ್ಯದಲ್ಲಿ 2013ರ ಮೇ 31ರಂದು ಗುಟ್ಕಾ ನಿಷೇಧವಾದಾಗ ಈ ಭಯ ಎಲ್ಲರಿಗೂ ಇತ್ತು. ಮರುವರ್ಷವೇ, 2014ರಲ್ಲಿ, ಕೆಂಪಡಿಕೆಯ ಧಾರಣೆ ಬಹಳ ಮೇಲಕ್ಕೆ ಏರಿತು. ಇದಕ್ಕೆ ಒಂದು ಕಾರಣ ನಿಷೇಧದ ನಂತರವೂ ಪಾನ್ ಮಸಾಲವೂ ತಂಬಾಕೂ ಬೇರೆ ಬೇರೆ ಚೀಟಿಗಳಲ್ಲಿ ಅಕ್ಕಪಕ್ಕದಲ್ಲೇ ಮಾರಾಟವಾಗಿ, ಕೊಂಡವನು ತಾನೇ ಬೆರೆಸಿಕೊಂಡದ್ದು ಎಂಬುದನ್ನೂ ಮುಚ್ಚಿಡುವಂತಿಲ್ಲ. ಆದರೆ ನಾವು ಇಲ್ಲಿ ಕೇಳುತ್ತಿರುವುದು ಅಡಿಕೆಯ ನಿಷೇಧವನ್ನಲ್ಲ, ಮಕ್ಕಳ ಕೈಗೆ ಕೊಡಬೇಡಿ ಎಂದು. ಮಕ್ಕಳಿಗೆ ಮಾರಿದರಷ್ಟೇ ನಿಲ್ಲುವ ಮಾರುಕಟ್ಟೆ ಬೆಳೆಗಾರನಿಗೆ ಆಧಾರವಾಗಲಾರದು. ಇನ್ನೂ ಹೇಳುವುದಾದರೆ, ಬಾಯಿ ತೆರೆಯಲಾರದ ಒಬ್ಬೊಬ್ಬ ಹುಡುಗನೂ ಅಡಿಕೆಯನ್ನೇ ನಿಷೇಧಿಸಿ ಎನ್ನುವವರ ಕೈಗೆ ಸಿಗುವ ಒಂದೊಂದು ಸಾಕ್ಷಿ. ಮಕ್ಕಳನ್ನು ಅಡಿಕೆಯಿಂದ ದೂರ ಇಡುವುದು ಅಡಿಕೆಯನ್ನು ಉಳಿಸುವ ಕೆಲಸವೂ ಹೌದು.

ಮೂರನೆಯದು ಕಾಫಿಯ ಸದಸ್ಯರದು: ಇದು ಅಡಿಕೆಯವರ ತಾಪತ್ರಯ, ನಮಗೇನು? ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ, ರೊಬಸ್ಟಾ ಕೊಯ್ಲು ಮಾರ್ಚಿಯವರೆಗೂ ಎಳೆಯುತ್ತದೆ. ಈ ಕಾಲಕ್ಕೆ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರಿನ ಕಡೆಯಿಂದ ಸಂಸಾರ ಸಮೇತ ಜನ ನಮ್ಮ ತೋಟಗಳಿಗೆ ಬರುತ್ತಾರೆ. ಅಡಿಕೆ ಸುಲಿಯುವ ಚಪ್ಪರಕ್ಕೂ ಬರುತ್ತಾರೆ. ಶಾಲೆಯ ವರ್ಷದಲ್ಲಿ ಓದು ಬಿಗಿಯಾಗುವ ತಿಂಗಳುಗಳೂ ಅವೇ. ಜೊತೆಗೆ ಬಂದ ಮಗು ಶಾಲೆ ತಪ್ಪಿಸಿಕೊಂಡು ಲೈನ್ ಮನೆಯಲ್ಲಿರುತ್ತದೆ. ಚಳಿ, ಹಸಿವು, ಬೇಸರ ಮರೆಯಲು ದೊಡ್ಡವರು ಹಾಕುವುದನ್ನು ತಾನೂ ಹಾಕುತ್ತದೆ. ಕಡ್ಡಿರಾಂಪುರದ ಸೀಮೆಯ ಮಗುವಿನ ಓದು ಕೆಡುವುದು ಕೆಲವು ಸಲ ಅಲ್ಲಲ್ಲ, ನಮ್ಮ ತೋಟದಲ್ಲಿಯೇ. ಈ ವಿಷಯದಲ್ಲಿ ಕಾಫಿ ಅಡಿಕೆಯೆಂಬ ಭೇದವಿಲ್ಲ.

ಕಾನೂನು ಇದೆ, ಒಂದು ಕಿಂಡಿಯೂ ಇದೆ

ಕಾನೂನು ಸಾಲದೆಂದು ಯಾರೂ ಹೇಳುವಂತಿಲ್ಲ. 2003ರ ತಂಬಾಕು ನಿಯಂತ್ರಣ ಕಾಯಿದೆ 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನೂ, ಶಾಲಾ ಕಾಲೇಜಿನಿಂದ ನೂರು ಗಜದೊಳಗೆ ಮಾರುವುದನ್ನೂ ತಡೆಯುತ್ತದೆ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿ ಆ ವಯಸ್ಸನ್ನು 21ಕ್ಕೆ ಏರಿಸಿದೆ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ ಮಗುವಿಗೆ ತಂಬಾಕು ಕೊಟ್ಟವನಿಗೂ ಕೊಡಿಸಿದವನಿಗೂ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಕೇಂದ್ರದ ಮಾರ್ಗಸೂಚಿಯಂತೆ ಶಾಲೆಯ ಸುತ್ತ ಹಳದಿ ಗೆರೆ ಎಳೆಯಬೇಕು. ಗೆರೆ ಎಳೆದರೂ ಅದನ್ನು ಕಾಯುವವರು ಊರಿನವರೇ ಆಗಬೇಕು. ದೂರದ ಅಧಿಕಾರಿ ವರ್ಷಕ್ಕೊಮ್ಮೆ ಬಂದು ಸಾವಿರ ರೂಪಾಯಿ ದಂಡ ಹಾಕಿ ಹೋದರೆ ಅಂಗಡಿಯವನಿಗೆ ಅದು ಬಾಡಿಗೆಗಿಂತ ಅಗ್ಗ.

ಇಷ್ಟೆಲ್ಲ ಇದ್ದರೂ ಒಂದು ಕಿಂಡಿ ಉಳಿದಿದೆ. 2003ರ ಕಾಯಿದೆ ಹಿಡಿಯುವುದು ತಂಬಾಕು ಬೆರೆತದ್ದನ್ನು. ತಂಬಾಕಿಲ್ಲದ ಸುಪಾರಿಯ ಚೀಟಿಯನ್ನು ಹತ್ತು ವರ್ಷದ ಮಗುವಿಗೆ ಮಾರಿದರೆ ಆ ಕಾಯಿದೆ ಅಡ್ಡಬರುವುದಿಲ್ಲ. ಈ ಕಿಂಡಿಯನ್ನು ಮುಚ್ಚಬೇಕೆಂದು ಕೇಳುವ ಮೊದಲ ದನಿ ಬೆಳೆಗಾರರದ್ದಾಗಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಬೇರೆಯವರು ಕೇಳಿದರೆ ಅದು ಅಡಿಕೆಯ ವಿರುದ್ಧದ ಕೂಗಾಗುತ್ತದೆ. ನಾವೇ ಕೇಳಿದರೆ ಅಡಿಕೆಯ ಮಾನ ಕಾಯುವ ಮಾತಾಗುತ್ತದೆ.

ನಮ್ಮ ಕೈಲಾದದ್ದು

ಸದಸ್ಯರ ಮುಂದೆ ಈ ಕೆಳಗಿನ ಸಲಹೆಗಳನ್ನು ಇಡುತ್ತಿದ್ದೇವೆ.

1. ಮಕ್ಕಳನ್ನು ಅಂಗಡಿಗೆ ಕಳಿಸಿ ಗುಟ್ಕಾ, ಬೀಡಿ, ಹೊಗೆಸೊಪ್ಪು ತರಿಸುವುದನ್ನು ಇಂದೇ ನಿಲ್ಲಿಸಬೇಕು. ಅನೇಕ ಮಕ್ಕಳಿಗೆ ಚೀಟಿಯ ಮೊದಲ ಪರಿಚಯ ಆಗುವುದು ಹೀಗೆ, ಅದೂ ಮನೆಯವರ ಅಪ್ಪಣೆಯಿಂದ.

2. ಕೆಲಸದವರಿಗೆ ಕವಳ ಕೊಡುವ ಪದ್ಧತಿ ನಮ್ಮಲ್ಲಿದೆ. ಅದು ದೊಡ್ಡವರ ಮಟ್ಟಿಗೆ ಇರಲಿ. ಚಪ್ಪರದಲ್ಲಿ, ಕಣದಲ್ಲಿ ಕೈಚಾಚುವ ಮಗುವಿಗೆ ಅದರ ಬದಲು ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟರೆ ಯಾರ ತೋಟವೂ ಬಡವಾಗುವುದಿಲ್ಲ.

3. ಕೊಯ್ಲಿನ ಕಾಲಕ್ಕೆ ಜೊತೆಯಲ್ಲಿ ಬಂದ ಮಕ್ಕಳ ಪಟ್ಟಿ ಮಾಡಿ ಹತ್ತಿರದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಬೇಕು. ಆ ನಾಲ್ಕು ತಿಂಗಳು ಅವರು ಅಲ್ಲಿ ಕೂರುವಂತೆ ನೋಡಿಕೊಂಡರೆ ಅರ್ಧ ರೋಗ ಅಲ್ಲೇ ವಾಸಿಯಾಗುತ್ತದೆ.

4. ನಮ್ಮ ಸದಸ್ಯರಲ್ಲಿ ಅನೇಕರು ಗ್ರಾಮ ಪಂಚಾಯಿತಿಯಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಇದ್ದಾರೆ. ಶಾಲೆಯ ನೂರು ಗಜದೊಳಗಿನ ಅಂಗಡಿಗಳಲ್ಲಿ ತಂಬಾಕಿನ ಜೊತೆಗೆ ಸಿಹಿ ಸುಪಾರಿಯ ಚೀಟಿಯನ್ನೂ ಮಾರದಂತೆ ಊರೊಟ್ಟಿನ ತೀರ್ಮಾನ ಮಾಡಿಸಲು ಅವರು ಮುಂದಾಗಬೇಕು. ಅಂಗಡಿಯವನ ಹೊಟ್ಟೆಪಾಡನ್ನೂ ನೆನೆದು, ಬದಲಿಗೆ ಕಡಲೆ ಚಿಕ್ಕಿ, ಪೆನ್ನು, ಪುಸ್ತಕ ಇಡಲು ಸಂಘದಿಂದ ಸಣ್ಣ ಸಾಲ ಕೊಡಿಸಿದರೆ ತೀರ್ಮಾನ ಬಾಳಿಕೆ ಬರುತ್ತದೆ.

5. ತಂಬಾಕಿಲ್ಲದ ಅಡಿಕೆಯ ಚೀಟಿಯನ್ನು ಮಕ್ಕಳಿಗೆ ಮಾರುವುದನ್ನೂ ಕಾನೂನಿನಿಂದ ತಡೆಯಬೇಕೆಂದು ಬರುವ ವಾರ್ಷಿಕ ಮಹಾಸಭೆಯಲ್ಲಿ ಠರಾವು ಮಾಡಿ ಸರಕಾರಕ್ಕೆ ಕಳಿಸಬೇಕು.

6. ಚಟ ಹತ್ತಿದ ಮಗುವನ್ನು ಹೊಡೆದು ಬಡಿದು ಮನೆಯಿಂದಲೂ ಶಾಲೆಯಿಂದಲೂ ದೂರ ಮಾಡಬಾರದು. ತಂಬಾಕು ಬಿಡಲು ನೆರವಾಗುವ ಸರಕಾರಿ ದೂರವಾಣಿ 1800-11-2356, ಮಕ್ಕಳ ಸಹಾಯವಾಣಿ 1098. ಎರಡಕ್ಕೂ ಹಣ ಬೇಕಿಲ್ಲ. ಸರಕಾರಿ ಆಸ್ಪತ್ರೆಯ ದಂತವೈದ್ಯರಿಗೆ ಒಮ್ಮೆ ಬಾಯಿ ತೋರಿಸುವುದನ್ನು ಮರೆಯಬಾರದು.

ಇದೆಲ್ಲ ಸಹಕಾರ ಸಂಘದ ಕೆಲಸವೇ ಎಂದು ಕೆಲವರಿಗೆ ಅನ್ನಿಸಬಹುದು. 1970ರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿ ಬೆಳೆಗಾರ ದಿಕ್ಕುಗೆಟ್ಟಾಗ, 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಮಾರುಕಟ್ಟೆಯ ಮರ್ಜಿಗೆ ಬೆಳೆಗಾರನನ್ನು ಬಿಟ್ಟುಬಿಡಬಾರದು ಎಂಬ ಹಟದಿಂದ. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರ ಕಷ್ಟಕ್ಕೆ ಸಿಕ್ಕ ಮೇಲೆ ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ನಮ್ಮ ಫಸಲು ಎಲ್ಲಿ ಹೋಗಿ ಏನಾಗಬೇಕು ಎಂಬುದರಲ್ಲಿ ನಮಗೂ ಒಂದು ಮಾತಿದೆ ಎಂದು ಸಹಕಾರ ಚಳವಳಿ ಅಂದೇ ತೋರಿಸಿದೆ. ಆ ಮಾತನ್ನು ಬೆಲೆಗಾಗಿ ಆಡಿದಂತೆ ಮಕ್ಕಳಿಗಾಗಿಯೂ ಆಡಬೇಕು.

ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಮಳೆ ಹಿಡಿಯುವ ಮುನ್ನವೇ ಹೊಡೆಯುತ್ತೇವೆ. ಕಾಯಿ ಉದುರಿದ ಮೇಲೆ ಎಷ್ಟು ಹೊಡೆದರೂ ಉದುರಿದ್ದು ಮತ್ತೆ ಕೊನೆಗೆ ಹತ್ತುವುದಿಲ್ಲ. ಮಕ್ಕಳ ವಿಷಯದಲ್ಲಿ ಮಳೆ ಹಿಡಿಯುವ ಕಾಲವೆಂದರೆ ಹತ್ತು ವರ್ಷ. ಅದಕ್ಕೆ ಮುಂಚೆ ಮಾಡಬೇಕಾದದ್ದನ್ನು ಪಟ್ಟಿ ಮಾಡಿದ್ದೇವೆ. ಸದಸ್ಯರು ತಮ್ಮ ಊರಿನ ಶಾಲೆಯ ಸುತ್ತಲಿನ ಸ್ಥಿತಿಯನ್ನು ನೋಡಿ, ತಮ್ಮ ಅಭಿಪ್ರಾಯವನ್ನು ಮಹಾಸಭೆಗೆ ಮೊದಲು ಸಂಘದ ಕಚೇರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.